ಭಾನುವಾರ ಶಿರಿಯ ಅಳಿವೆಯಲ್ಲಿ ಹಕ್ಕಿ ನೋಟ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಗ್ಗೆ 6.30ಕ್ಕೆ ಕುಂಬಳೆ ರೈಲ್ವೆ ಸ್ಟೇಷನ್ ಎದುರು ಸೇರೋಣ, ಅಲ್ಲಿಂದ ಶಿರಿಯ ಅಳಿವೆಗೆ. ಚಳಿಗಾಲದ ಅತಿಥಿಗಳು ಹೆಚ್ಚಿನವು ಏಪ್ರಿಲ್ ಹೊತ್ತಿಗೆ ಹೊರಟುಬಿಡುತ್ತವೆ. ಮತ್ತೆ ಮುಂದೂಡುವುದು ಬೇಡ.

ಕಂಡ ಹಕ್ಕಿಗಳ ಪಟ್ಟಿಯಲ್ಲಿ ಸುಮ್ನೆ ‘ಸಿಪಿಲೆ’ (ಬಾಲ ಕುಣಿಸುವ ಪುಟ್ಟ ಹಕ್ಕಿ) ಅಂತ ಬರೆಯಬೇಡಿ, ಯಾವ ಬಗೆಯದು ಅಂತಲೂ ಬರೆಯಿರಿ. ಬೂದು ಬೆನ್ನು, ಹಳದಿ ಹೊಟ್ಟೆ, ಉದ್ದ ಬಾಲ ಇದ್ದರೆ ಹಿಮಾಲಯ ಅಥವಾ ಅದಕ್ಕೂ ಆಚೆಯಿಂದ ಬಂದದ್ದು. ಕಪ್ಪು ತಲೆಗೆ ದಪ್ಪ ಬಿಳಿ ಹುಬ್ಬಿದ್ದರೆ ವರ್ಷವಿಡೀ ಇಲ್ಲೇ ಇರುವುದು. ನಮ್ಮ ಕಾಸರಗೋಡು ಜಿಲ್ಲೆಯ ಅಧಿಕೃತ ಹಕ್ಕಿ ಬಿಳಿಹೊಟ್ಟೆಯ ಕಡಲ ಹದ್ದೂ ಊರಿನದೇ ಅಲ್ವಾ? ಅದರ ಗೂಡು ಕಂಡರೆ ದಯವಿಟ್ಟು ಹತ್ತಿರ ಹೋಗಬೇಡಿ, ಜಾಗವನ್ನು ಗುಂಪಿನಲ್ಲೂ ಹಾಕಬೇಡಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಹೆಸರು ತಿಳಿಸಿ. ಹೆಚ್ಚುವರಿ ದುರ್ಬೀನು ಇದ್ದರೆ ತನ್ನಿ, ಮಕ್ಕಳಿಗೆ ಬೇಕು.