ಕ್ರೈಸ್ತ ಮನೆಗಳಲ್ಲಿ ಓದು ಮತ್ತೆ ಮೊದಲಾಗಲಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಜುಲೈ 1ರಂದು, ಪತ್ರಿಕಾ ದಿನದ ಸಂದರ್ಭದಲ್ಲಿ, ಕನ್ನಡದ ಪತ್ರಿಕೆಗಳೆಲ್ಲ ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ ಅವರನ್ನು ನೆನೆಯುತ್ತವೆ. 1843ರ ಅದೇ ದಿನ ಅವರ ಸಂಪಾದಕತ್ವದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪ್ರೊಟೆಸ್ಟಂಟ್ ಮಿಷನರಿ ಸಂಸ್ಥೆ) ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರತಂದ ‘ಮಂಗಳೂರ ಸಮಾಚಾರ’ವು ಕನ್ನಡದ ಮೊದಲ ಪತ್ರಿಕೆಯೆಂಬುದು ಇಂದು ಶಾಲಾ ಮಕ್ಕಳಿಗೂ ತಿಳಿದ ಸಂಗತಿ. ಕರಾವಳಿಯ ಪ್ರೊಟೆಸ್ಟಂಟ್ ಸಭೆಗಳಲ್ಲಿ ಬೆಳೆದ ನಮಗೆ ಈ ನೆನಪಿನ ಬಗ್ಗೆ ವಿಶೇಷವಾದ ಅಭಿಮಾನವಿದೆ. ಆ ಅಭಿಮಾನವನ್ನು ಇಟ್ಟುಕೊಂಡೇ, ನಮ್ಮ ಮನೆಗಳಲ್ಲಿ ಕ್ರೈಸ್ತ ಪುಸ್ತಕಗಳ ಓದು ಬಹುಮಟ್ಟಿಗೆ ನಿಂತುಹೋಗಿರುವುದರ ಬಗ್ಗೆ ಮತ್ತು ಅದರಿಂದ ನಂಬಿಕೆಗೂ ದಾಂಪತ್ಯಕ್ಕೂ ಸಭೆಯ ಜೀವನಕ್ಕೂ ಆಗುತ್ತಿರುವ ನಷ್ಟದ ಬಗ್ಗೆ ಬರೆಯಲು ತಮ್ಮ ಪತ್ರಿಕೆಯಲ್ಲಿ ಜಾಗ ಕೋರುತ್ತೇನೆ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನರಿಗಳು ಕೆಲವೇ ವರ್ಷಗಳಲ್ಲಿ ಅಚ್ಚುಕೂಟ ತೆರೆದರು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ ಕನ್ನಡ ಸತ್ಯವೇದ (ಬೈಬಲ್) ಆ ವೇಳೆಗಾಗಲೇ ಪೂರ್ಣವಾಗಿ ಬಂದಿತ್ತು. ಸತ್ಯವೇದವೊಂದನ್ನೇ ಕೊಟ್ಟು ಸುಮ್ಮನಿದ್ದರೆ ಸಾಲದೆಂದು ಬಾಸೆಲ್ ಮಿಷನರಿಗಳಿಗೆ ಗೊತ್ತಿತ್ತು. ಜಾನ್ ಬನ್ಯನ್ ಇಂಗ್ಲೆಂಡಿನಲ್ಲಿ 1678ರಲ್ಲಿ ಪ್ರಕಟಿಸಿದ ಯಾತ್ರಿಕನ ಕಥೆ 1840ರ ದಶಕದಲ್ಲೇ ‘ಯಾತ್ರಿಕನ ಸಂಚಾರ’ವಾಗಿ ಕನ್ನಡಕ್ಕೆ ಬಂತು. ಫರ್ಡಿನೆಂಡ್ ಕಿಟೆಲ್ ತಮ್ಮ ಮಹಾನಿಘಂಟನ್ನು 1894ರಲ್ಲಿ ಹೊರತರುವುದಕ್ಕೆ ಮೂರು ದಶಕಗಳ ಮೊದಲೇ, 1862ರಲ್ಲಿ, ಯೇಸುವಿನ ಚರಿತ್ರೆಯನ್ನು ಕನ್ನಡ ಕಾವ್ಯದ ಧಾಟಿಯಲ್ಲಿ ‘ಕಥಾಮಾಲೆ’ ಎಂದು ಬರೆದರು. ಅದೇ ಜನ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು, ಜೈಮಿನಿ ಭಾರತವನ್ನೂ ಮುದ್ರಿಸಿದರು. ತಮ್ಮ ನಂಬಿಕೆಯಲ್ಲಿ ಗಟ್ಟಿಯಾಗಿ ನಿಂತು ನೆರೆಯವರ ಗ್ರಂಥಗಳನ್ನು ಇಷ್ಟು ಶ್ರದ್ಧೆಯಿಂದ ಓದಿದವರ ಪರಂಪರೆಗೆ ಸೇರಿದ ನಾವು, ಇಂದು ನಮ್ಮ ಗ್ರಂಥಗಳನ್ನೇ ಓದದ ಸ್ಥಿತಿಗೆ ಬಂದಿದ್ದೇವೆ.

ಇದು ಅತಿಶಯೋಕ್ತಿ ಎನ್ನುವವರು ಯಾವುದೇ ಭಾನುವಾರ ಆರಾಧನೆ ಮುಗಿದ ಮೇಲೆ ದೇವಾಲಯದ ಬಾಗಿಲ ಬಳಿ ಇರುವ ಪುಸ್ತಕದ ಮೇಜಿನ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಬಹುದು. ವಚನ ಬರೆದ ಗೋಡೆಯ ಕ್ಯಾಲೆಂಡರ್, ಸತ್ಯವೇದಕ್ಕೆ ಹಾಕುವ ಜಿಪ್ ಇರುವ ಚೀಲ, ಕೀ ಚೈನ್, ಹೊಸ ವರ್ಷದ ವಾಗ್ದಾನದ ಕಾರ್ಡು ಇವೆಲ್ಲ ಕೈಯಿಂದ ಕೈಗೆ ಹೋಗುತ್ತವೆ. ಅಲ್ಲೇ ಮೂಲೆಯಲ್ಲಿ ಅಂಚು ಹಳದಿಯಾದ ಪುಸ್ತಕಗಳು ಈಸ್ಟರಿಗೆ ಮೊದಲಿನ ಉಪವಾಸದ ಕಾಲವಾದ ಕಳೆದ ಲೆಂಟ್‌ನಿಂದಲೂ ಅದೇ ಸಾಲಿನಲ್ಲಿ ಕೂತಿರುತ್ತವೆ. ದಿನದ ಧ್ಯಾನಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಬೆಳಿಗ್ಗೆ ಬರುವ ಒಂದು ವಚನ, ಪ್ರಸಂಗಕ್ಕೆ, ಅಂದರೆ ಧರ್ಮಬೋಧನೆ ಕೇಳುವುದಕ್ಕೆ, ಯೂಟ್ಯೂಬು. ಇವುಗಳಿಂದ ಸಾಂತ್ವನ ಪಡೆಯುವ ವೃದ್ಧರನ್ನೂ ರೋಗಿಗಳನ್ನೂ ನಾನು ಬಲ್ಲೆನಾದ್ದರಿಂದ ಇವನ್ನು ಹಗುರವಾಗಿ ಕಾಣಲಾರೆ. ಆದರೆ ಹಿಂದುಮುಂದಿಲ್ಲದ ಒಂದು ವಚನ ನಮ್ಮನ್ನು ಪ್ರಶ್ನಿಸುವುದಿಲ್ಲ. ನಾವು ಇಷ್ಟಪಟ್ಟ ಪ್ರಸಂಗಗಳನ್ನೇ ಮತ್ತೆ ಮತ್ತೆ ತಂದೊಡ್ಡುವ ಫೋನು, ನಮಗೆ ಕಹಿಯಾದರೂ ಬೇಕಾದ ಮಾತನ್ನು ಎಂದೂ ತಂದುಕೊಡದಿರಬಹುದು. ಪುಸ್ತಕವನ್ನು ಹಿಡಿದವನು ಒಬ್ಬ ಬರಹಗಾರನ ಜೊತೆ ವಾರಗಟ್ಟಲೆ ಕೂರಬೇಕಾಗುತ್ತದೆ, ಒಪ್ಪದ ಪುಟವನ್ನೂ ದಾಟಿ ಮುಂದೆ ಹೋಗಬೇಕಾಗುತ್ತದೆ.

ಸತ್ಯವೇದವಿರುವಾಗ ಬೇರೆ ಪುಸ್ತಕ ಏಕೆ ಎಂದು ಕೇಳುವ ಭಕ್ತರಿದ್ದಾರೆ. ಅವರಿಗೆ ಸತ್ಯವೇದದಲ್ಲೇ ಉತ್ತರವಿದೆ. ರಥದಲ್ಲಿ ಕೂತು ಯೆಶಾಯನ ಪ್ರವಾದನೆಯನ್ನು ಓದುತ್ತಿದ್ದ ಐಥಿಯೋಪ್ಯದ ಕಂಚುಕಿಯನ್ನು, ಓದುತ್ತಿರುವುದು ಅರ್ಥವಾಗುತ್ತಿದೆಯೇ ಎಂದು ಸುವಾರ್ತೆ ಸಾರುತ್ತಿದ್ದ ಫಿಲಿಪ್ಪನು ಕೇಳಿದಾಗ, ಯಾರಾದರೂ ತಿಳಿಸಿಕೊಡದಿದ್ದರೆ ಹೇಗೆ ಅರ್ಥವಾದೀತು ಎಂದು ಆತ ಮರುಪ್ರಶ್ನೆ ಹಾಕಿದ. ಸೆರೆಮನೆಯಲ್ಲಿ ಮರಣವನ್ನು ಎದುರು ನೋಡುತ್ತಿದ್ದ ಅಪೊಸ್ತಲ ಪೌಲನು ತನ್ನ ಶಿಷ್ಯ ತಿಮೊಥೆಗೆ ಬರೆದ ಎರಡನೆಯ ಪತ್ರದಲ್ಲಿ, ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿಯ ಜೊತೆ ಪುಸ್ತಕಗಳನ್ನೂ ತರಲು ಹೇಳಿದ. ಚಳಿಗೆ ಅಂಗಿ ಬೇಕಾದಷ್ಟೇ ಪುಸ್ತಕವೂ ಅವನಿಗೆ ಬೇಕಾಗಿತ್ತು.

ಓದು ನಂಬಿಕೆಯನ್ನು ಹುಟ್ಟಿಸಬಲ್ಲದು ಎನ್ನುವುದಕ್ಕೆ ನಮ್ಮ ನೆಲದ್ದೇ ಆದ ಸಾಕ್ಷಿ ಪಂಡಿತಾ ರಮಾಬಾಯಿ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಸಮೀಪದ ಮಾಳದವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಲು ಹೊರಟಾಗ ಊರಿನಲ್ಲಿ ವಿರೋಧ ಬಂದುದರಿಂದ ಅವರು ಘಟ್ಟದ ಮೇಲಿನ ಗಂಗಾಮೂಲದ ಕಾಡಿಗೆ ಹೋಗಿ ನೆಲೆಸಿದರು. ಗಂಡನಿಂದ ಕಲಿತ ಆ ತಾಯಿಯೇ 1858ರಲ್ಲಿ ಹುಟ್ಟಿದ ಮಗಳಿಗೆ ಪಾಠ ಹೇಳಿದರು. ಮುಂದೆ ಮದುವೆಯಾಗಿ ಅಸ್ಸಾಮಿನ ಸಿಲ್ಚಾರಿನಲ್ಲಿದ್ದಾಗ, ಮನೆಯ ಪುಸ್ತಕಗಳ ನಡುವೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯ ಸಣ್ಣ ಪುಸ್ತಿಕೆಯೊಂದು ರಮಾಬಾಯಿಯವರ ಕೈಗೆ ಸಿಕ್ಕಿತು. ಅದು ಅಲ್ಲಿಗೆ ಹೇಗೆ ಬಂತೆಂದು ತಮಗೆ ತಿಳಿಯದು ಎಂದು ಅವರೇ ತಮ್ಮ ಸಾಕ್ಷಿಯಲ್ಲಿ ಬರೆದಿದ್ದಾರೆ. ಗಂಡನಿಗೆ ಆ ಓದು ಹಿಡಿಸಲಿಲ್ಲ. ಆತ 1882ರಲ್ಲಿ ತೀರಿಕೊಂಡ ಮರುವರ್ಷ, ಇಂಗ್ಲೆಂಡಿನಲ್ಲಿ, ರಮಾಬಾಯಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಕೊನೆಯ ವರ್ಷಗಳಲ್ಲಿ ಸತ್ಯವೇದವನ್ನು ಮರಾಠಿಗೆ ತರುವ ಕೆಲಸದಲ್ಲಿ ಮುಳುಗಿದ್ದರು. ಯಾರೋ ಮನೆಯಲ್ಲಿ ಬಿಟ್ಟುಹೋದ ಒಂದು ಚಿಕ್ಕ ಪುಸ್ತಿಕೆ ಎಷ್ಟು ದೂರ ಹೋಗಬಲ್ಲದೆಂದು ಕರಾವಳಿಯ ಸಂಡೇ ಸ್ಕೂಲಿನ ಪ್ರತಿಯೊಂದು ಮಗುವಿಗೂ ಹೇಳಿಕೊಡಬೇಕು.

ನನ್ನ ಹೆಚ್ಚಿನ ಕಳವಳ ದಾಂಪತ್ಯದ ವಿಷಯದಲ್ಲಿ. ಮೂರು ಭಾನುವಾರ ದೇವಾಲಯದಲ್ಲಿ ಮದುವೆಯ ಪ್ರಕಟಣೆ ಓದುತ್ತೇವೆ, ಸಭಾಪಾಲಕರು ವಧೂವರರನ್ನು ಕೂರಿಸಿಕೊಂಡು ಒಂದಿಷ್ಟು ಬುದ್ಧಿವಾದ ಹೇಳುತ್ತಾರೆ, ಬಡತನದಲ್ಲೂ ಐಶ್ವರ್ಯದಲ್ಲೂ ಜೊತೆಗಿರುವೆವೆಂದು ಸಭೆಯ ಮುಂದೆ ಮಾತು ಕೊಡಿಸುತ್ತೇವೆ. ಅಲ್ಲಿಂದಾಚೆಗೆ ಆ ಇಬ್ಬರು ಸಾಲವನ್ನು, ಅತ್ತೆ-ಸೊಸೆಯ ಮುನಿಸನ್ನು, ಗಲ್ಫಿನಲ್ಲಿ ಗಂಡ ಇಲ್ಲಿ ಹೆಂಡತಿ ಎಂಬ ವರ್ಷಗಳನ್ನು, ಕುಡಿತವನ್ನು ತಮ್ಮಷ್ಟಕ್ಕೆ ನಿಭಾಯಿಸಿಕೊಳ್ಳಬೇಕು. ಇಂಥಲ್ಲಿ ಜೊತೆಗೆ ಓದುವ ಪುಸ್ತಕ ದೊಡ್ಡ ಆಸರೆ.

ನಮ್ಮ ಸ್ತ್ರೀಯರ ಕೂಟದಲ್ಲಿ ಬನ್ಯನ್ನರ ಕಥೆಯ ಎರಡನೆಯ ಭಾಗವನ್ನು ನಾನು ಇಂಗ್ಲಿಷಿನಿಂದ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಮೊದಲ ಭಾಗ ಎಲ್ಲರಿಗೂ ಗೊತ್ತು: ಯಾತ್ರಿಕನು ಹೆಂಡತಿ ಮಕ್ಕಳನ್ನು ಬಿಟ್ಟು ಸ್ವರ್ಗದ ಪಟ್ಟಣಕ್ಕೆ ಒಬ್ಬನೇ ಹೊರಡುತ್ತಾನೆ. 1684ರಲ್ಲಿ ಬಂದ ಎರಡನೆಯ ಭಾಗದಲ್ಲಿ, ಗಂಡ ಮರಣವೆಂಬ ನದಿಯನ್ನು ದಾಟಿ ಹೋದ ಮೇಲೆ ಹೆಂಡತಿ ಕ್ರಿಸ್ತಿಯಾನಾ, ತಾನು ಅವನೊಂದಿಗೆ ಎಷ್ಟು ಕಠಿಣವಾಗಿ ನಡೆದುಕೊಂಡೆನೆಂದು ನೆನೆದು ಅತ್ತು, ನಾಲ್ವರು ಗಂಡುಮಕ್ಕಳನ್ನು ಕರೆದುಕೊಂಡು ಅದೇ ದಾರಿಯಲ್ಲಿ ನಡೆಯುತ್ತಾಳೆ. ಕೂಟದಲ್ಲಿದ್ದ ಒಬ್ಬ ಸೊಸೆ ಆ ಕಥೆಯನ್ನು ರಾತ್ರಿ ಊಟದ ನಂತರ ಗಂಡನಿಗೆ ಹೇಳತೊಡಗಿದಳು. ಆತ ಬಸ್ಸಿನ ಡ್ರೈವರು, ದಿನವಿಡೀ ದುಡಿದು ಬಂದು ಗೋಡೆಗೆ ಒರಗಿ ಕೇಳುತ್ತಿದ್ದ. ಕ್ರಿಸ್ತಿಯಾನಾ ಅಳುವ ಭಾಗ ಬಂದಾಗ ಅವನು, “ಸ್ವಲ್ಪ ನಿಲ್ಲಿಸು ಮಾರಾಯ್ತಿ, ನಿನಗೊಂದು ವಿಷಯ ಹೇಳ್ಲಿಕ್ಕುಂಟು” ಎಂದನಂತೆ. ತಂಗಿಯ ಮದುವೆಗೆಂದು ಸೊಸೈಟಿಯಲ್ಲಿ ಮಾಡಿದ್ದ ಸಾಲವನ್ನು ಅವನು ಅದುವರೆಗೆ ಅವಳಿಂದ ಮುಚ್ಚಿಟ್ಟಿದ್ದ. ಆ ರಾತ್ರಿ ಅವರಿಬ್ಬರೂ ಪಾಸ್‌ಬುಕ್ ಬಿಚ್ಚಿ ಲೆಕ್ಕ ಹಾಕಿದರು. ಸಾಲ ಅಲ್ಲೇ ಇತ್ತು, ಆದರೆ ಅದನ್ನು ಹೊರುವವರು ಇಬ್ಬರಾದರು. ಆಕೆ ಇದನ್ನು ಕೂಟದಲ್ಲಿ ತಾನಾಗಿಯೇ ಹೇಳಿದಳು, ಬರೆಯಲು ಅನುಮತಿಯನ್ನೂ ಕೊಟ್ಟಳು. ಗಂಡ-ಹೆಂಡಿರು ನೇರವಾಗಿ ಎತ್ತಲು ಅಂಜುವ ಮಾತನ್ನು ಕಥೆಯ ಪಾತ್ರವೊಂದು ಮೊದಲು ಎತ್ತಿಬಿಟ್ಟರೆ ಬಾಯಿ ಬಿಡುವುದು ಎಷ್ಟು ಸುಲಭವಾಗುತ್ತದೆಂದು ನನಗೆ ಮನವರಿಕೆಯಾದದ್ದು ಅಂದು.

ಹಾಗೆಂದು ಕ್ರೈಸ್ತ ಪುಸ್ತಕವೆಂಬ ಕಾರಣಕ್ಕೆ ಎಲ್ಲಕ್ಕೂ ತಲೆಬಾಗಬೇಕಾಗಿಲ್ಲ. ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯಲ್ಲಿ ತಾಯಿ ಮೋನಿಕಾಳನ್ನು ಕೊಂಡಾಡುವಾಗ, ಗಂಡಂದಿರಿಂದ ಪೆಟ್ಟು ತಿಂದ ಹೆಂಗಸರಿಗೆ ಆಕೆ ನಾಲಿಗೆ ಬಿಗಿಹಿಡಿಯಲು, ತಮ್ಮನ್ನು ದಾಸಿಯರೆಂದೇ ಎಣಿಸಿಕೊಳ್ಳಲು ಹೇಳುತ್ತಿದ್ದಳೆಂದು ಮೆಚ್ಚಿಕೊಂಡು ಬರೆದಿದ್ದಾರೆ. ಸಾವಿರದಾರುನೂರು ವರ್ಷಗಳಿಂದ ಸಭೆಯನ್ನು ಪೋಷಿಸಿದ ಗ್ರಂಥವದು, ನನಗೂ ಅತಿ ಪ್ರಿಯವಾದದ್ದು, ಆದರೂ ಆ ಪುಟದಲ್ಲಿ ನಾನು ಅವರ ಜೊತೆ ನಿಲ್ಲಲಾರೆ. ಇಂದಿಗೂ ಹೊಡೆತ ತಿನ್ನುವ ಹೆಣ್ಣಿಗೆ ‘ಸಹಿಸಿಕೋ, ಪ್ರಾರ್ಥಿಸು’ ಎಂದಷ್ಟೇ ಹೇಳಿ ಕಳುಹಿಸುವ ಹಿರಿಯರು ನಮ್ಮ ನಡುವೆ ಇದ್ದಾರೆ. ಮದುವೆಯ ದಿನ, ಪೌಲನು ಎಫೆಸದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯವನ್ನು ಓದುವವರು, ಗಂಡಂದಿರಿಗೆ ಅಧೀನರಾಗಿರಿ ಎಂದು ಹೆಂಡತಿಯರಿಗೆ ಹೇಳಿದ ಮಾತನ್ನು ಒತ್ತಿ ಓದುತ್ತಾರೆ. ಅದರ ಹಿಂದಿನ ವಚನವೇ ಒಬ್ಬರಿಗೊಬ್ಬರು ತಗ್ಗಿ ನಡೆಯಲು ಎಲ್ಲರಿಗೂ ಹೇಳುತ್ತದೆ, ಮುಂದೆ ಗಂಡನಿಗೆ ಹೇಳಿದ್ದು ಕ್ರಿಸ್ತನು ಸಭೆಗಾಗಿ ತನ್ನನ್ನೇ ಒಪ್ಪಿಸಿಕೊಟ್ಟ ಪ್ರೀತಿ. ಗುಂಪಿನಲ್ಲಿ ಕೂತು, ಸಾವಕಾಶವಾಗಿ, ಪ್ರಶ್ನೆ ಕೇಳುತ್ತಾ ಓದಿದಾಗ ಮಾತ್ರ ಇಂಥ ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಕಾಣಿಕೆ ಕೊಟ್ಟರೆ ಕಾರು, ಬಂಗಲೆ ಬರುತ್ತದೆಂದು ಆಸೆ ಹುಟ್ಟಿಸುವ ಪುಸ್ತಕಗಳೂ ಕೈಗೆ ಬರುತ್ತಿರುವ ಈ ಕಾಲದಲ್ಲಿ ಪರೀಕ್ಷಿಸಿ ಓದುವ ಅಭ್ಯಾಸ ಇನ್ನಷ್ಟು ಅಗತ್ಯ. ಗಂಡ-ಹೆಂಡತಿ ಕೂಡಿ ಕಲಿಯುವುದಕ್ಕೂ ಕಲಿಸುವುದಕ್ಕೂ ಸತ್ಯವೇದದಲ್ಲೇ ಮಾದರಿಯಿದೆ: ಅದರ ‘ಅಪೊಸ್ತಲರ ಕೃತ್ಯಗಳು’ ಎಂಬ ಭಾಗದಲ್ಲಿ ಬರುವ ಅಕ್ವಿಲ ಮತ್ತು ಪ್ರಿಸ್ಕಿಲ್ಲ ಗುಡಾರ ಹೊಲಿದು ಬದುಕುತ್ತಿದ್ದ ದಂಪತಿಗಳು. ವಾಗ್ಮಿಯಾದ ಅಪೊಲ್ಲೋಸನನ್ನು ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಹೆಚ್ಚು ಸರಿಯಾಗಿ ತಿಳಿಸಿಕೊಟ್ಟವರು ಅವರಿಬ್ಬರೂ ಸೇರಿ.

ಸಭೆಯ ಜೀವನದ ಕುರಿತು ಒಂದೇ ಪುಸ್ತಕವನ್ನು ಹೆಸರಿಸುವುದಾದರೆ ಜರ್ಮನಿಯ ದೇವಶಾಸ್ತ್ರಜ್ಞ ಡೀಟ್ರಿಚ್ ಬಾನ್‌ಹೋಫರ್ 1939ರಲ್ಲಿ ಪ್ರಕಟಿಸಿದ, ವಿಶ್ವಾಸಿಗಳ ಒಟ್ಟು ಬಾಳಿನ ಬಗೆಗಿನ ಚಿಕ್ಕ ಪುಸ್ತಕವನ್ನು ಹೆಸರಿಸುತ್ತೇನೆ. ಹಿಟ್ಲರನ ಪೊಲೀಸರು 1937ರಲ್ಲಿ ಮುಚ್ಚಿಸಿದ ಗುರುಮಠವೊಂದರಲ್ಲಿ ತರುಣ ಬೋಧಕರ ಜೊತೆ ಬಾಳಿದ ಅನುಭವದಿಂದ ಅದು ಹುಟ್ಟಿದ್ದು. ಸಭೆ ಹೀಗಿರಬೇಕೆಂಬ ತನ್ನ ಕನಸನ್ನು ಎದುರಿಗಿರುವ ಸಭೆಗಿಂತ ಹೆಚ್ಚು ಪ್ರೀತಿಸುವವನು, ಅವನ ಉದ್ದೇಶ ಎಷ್ಟೇ ಪ್ರಾಮಾಣಿಕವಾಗಿದ್ದರೂ, ಸಭೆಯನ್ನು ಒಡೆಯುತ್ತಾನೆ ಎನ್ನುವುದು ಅವರ ಮಾತಿನ ಸಾರ. ಸಭಾ ಕಮಿಟಿಯ ಚುನಾವಣೆಗೆ ಬಣ ಕಟ್ಟುವ, ಆಸ್ತಿಯ ವ್ಯಾಜ್ಯವನ್ನು ಕೋರ್ಟಿಗೆ ಒಯ್ಯುವ, ಗಾಯನ ಮಂಡಳಿಯ ಒಂದು ಮಾತಿಗೆ ವರ್ಷಗಟ್ಟಲೆ ದೇವಾಲಯದ ಮೆಟ್ಟಿಲು ಹತ್ತದ ನಮಗೆ ಇದಕ್ಕಿಂತ ತಕ್ಕ ಮಾತು ಇನ್ನೊಂದಿಲ್ಲ. ಅದೇ ಬಾನ್‌ಹೋಫರ್ 1943ರಲ್ಲಿ ಸೆರೆಮನೆಯ ಕೋಣೆಯಿಂದ ಅಕ್ಕನ ಮಗಳ ಮದುವೆಗೆಂದು ಬರೆದ ಪ್ರಸಂಗದಲ್ಲಿ, ಇನ್ನು ಮುಂದೆ ನಿಮ್ಮ ಪ್ರೀತಿ ಮದುವೆಯನ್ನು ಹೊರುವುದಿಲ್ಲ, ಮದುವೆಯೇ ನಿಮ್ಮ ಪ್ರೀತಿಯನ್ನು ಹೊರುತ್ತದೆ ಎಂಬರ್ಥದ ಮಾತು ಹೇಳಿದರು. ಎರಡು ವರ್ಷದೊಳಗೆ ಹಿಟ್ಲರನ ಆಡಳಿತ ಅವರನ್ನು ಗಲ್ಲಿಗೇರಿಸಿತು.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಬೆಳೆ ಹಬ್ಬದ ಏಲಂನಲ್ಲಿ ಒಂದು ಬಾಳೆಗೊನೆಗೆ, ಒಂದು ಊರ ಕೋಳಿಗೆ ಸಾವಿರಗಟ್ಟಲೆ ಕೂಗುವ ಸಭೆಗಳು ಆ ಹಣದ ಒಂದು ಪಾಲನ್ನು ಪುಸ್ತಕದ ಕಪಾಟಿಗೆ ಇಡಲಿ. ಕಪಾಟಿಗೆ ಬೀಗ ಬೇಡ, ಒಯ್ದವರ ಹೆಸರು ಬರೆಯಲು ಒಂದು ನೋಟ್‌ಬುಕ್ ಸಾಕು. ಮದುವೆಯ ಉಡುಗೊರೆಯಾಗಿ ಸಭೆಯ ವತಿಯಿಂದ ಸತ್ಯವೇದದ ಜೊತೆ ದಾಂಪತ್ಯದ ಬಗೆಗಿನ ಒಂದು ಒಳ್ಳೆಯ ಪುಸ್ತಕವನ್ನೂ ಕೊಡಲಿ. ಕುಟುಂಬ ಪ್ರಾರ್ಥನೆಗೆ ಕೂರುವ ಮನೆಗಳಲ್ಲಿ ವಚನ ಓದಿದ ನಂತರ ಎರಡು ಪುಟ ಯಾರಾದರೊಬ್ಬರು ಗಟ್ಟಿಯಾಗಿ ಓದಲಿ, ಆ ಸರದಿ ಮಕ್ಕಳಿಗೂ ಬರಲಿ. ಅಕ್ಷರ ಬಾರದ ಅಜ್ಜಿಯೂ ಆಗ ಓದುಗಳಾಗುತ್ತಾಳೆ.

ಕಷ್ಟವಿರುವುದು ಪುಸ್ತಕಗಳಲ್ಲೇ. ದಾಂಪತ್ಯದ ಬಗ್ಗೆ ನನ್ನ ಕೈಗೆ ಬಂದ ಕನ್ನಡ ಪುಸ್ತಕಗಳಲ್ಲಿ ಹೆಚ್ಚಿನವು ಅಮೆರಿಕದ ಮನೆಗಳನ್ನು ಕಣ್ಣಮುಂದಿಟ್ಟುಕೊಂಡು ಬರೆದವುಗಳ ಅನುವಾದ. ಗಂಡ-ಹೆಂಡತಿ ವಾರಕ್ಕೊಮ್ಮೆ ಹೋಟೆಲಿಗೆ ಹೋಗಿ ಮಾತಾಡಿಕೊಳ್ಳಿರಿ ಎಂಬ ಸಲಹೆ, ಎರಡು ಕೋಣೆಯ ಮನೆಯಲ್ಲಿ ಅತ್ತೆ, ಮಾವ, ಮದುವೆಯಾಗದ ನಾದಿನಿಯ ಜೊತೆ ಬಾಳುವ ಬೀಡಿ ಕಟ್ಟುವ ಹೆಣ್ಣುಮಗಳಿಗೆ ಏನು ದಾರಿ ತೋರಿಸೀತು? ನಮ್ಮ ಸಭಾಪಾಲಕರು, ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಓದಿ ಹೊರಬರುವ ತರುಣ ತರುಣಿಯರು, ಸ್ತ್ರೀಯರ ಕೂಟಗಳನ್ನು ನಡೆಸುವ ಅನುಭವಸ್ಥರು ಇಲ್ಲಿನ ಮನೆಗಳನ್ನು ನೋಡಿ ಬರೆಯಬೇಕು. ಆ ಕಾಲೇಜಿನ ಸಂಗ್ರಹದಲ್ಲಿರುವ ಬಾಸೆಲ್ ಮಿಷನ್ ಕಾಲದ ಹಳೆಯ ಕನ್ನಡ ಪುಸ್ತಕಗಳಲ್ಲಿ ಸಾಮಾನ್ಯ ಓದುಗರಿಗೆ ತಲುಪಬೇಕಾದವನ್ನು ಇಂದಿನ ಕನ್ನಡಕ್ಕೆ ತಿದ್ದಿ, ಕಡಿಮೆ ಬೆಲೆಗೆ ಮರುಮುದ್ರಿಸಲು ಸಿಎಸ್‌ಐಯ (ಚರ್ಚ್ ಆಫ್ ಸೌತ್ ಇಂಡಿಯಾದ) ಕರ್ನಾಟಕದ ಮೂರೂ ಧರ್ಮಪ್ರಾಂತಗಳು ಕೈಜೋಡಿಸಬೇಕು.

ತಮ್ಮಲ್ಲಿ ನನ್ನದೊಂದು ವಿನಂತಿಯಿದೆ. ಭಾನುವಾರದ ಪುರವಣಿಯಲ್ಲಿ ತಾವು ಪ್ರಕಟಿಸುವ ಪುಸ್ತಕ ವಿಮರ್ಶೆಗಳ ನಡುವೆ ಕನ್ನಡದ ಕ್ರೈಸ್ತ ಪುಸ್ತಕಗಳಿಗೂ ಆಗಾಗ ಜಾಗ ಕೊಡಬೇಕು. ಸಭೆಯೊಳಗಿನ ಮೆಚ್ಚುಗೆಯಷ್ಟೇ ಕೇಳಿ ಅಭ್ಯಾಸವಾದ ನಮ್ಮ ಬರಹಗಾರರಿಗೆ ಹೊರಗಿನ ನಿಷ್ಠುರ ವಿಮರ್ಶೆಯ ಅಗತ್ಯವಿದೆ. ವಿಮರ್ಶೆಗೆ ಯೋಗ್ಯವಾದ ಪುಸ್ತಕಗಳನ್ನು ಕಳುಹಿಸಿಕೊಡುವ ಜವಾಬ್ದಾರಿಯನ್ನು ನಮ್ಮ ಸ್ತ್ರೀಯರ ಕೂಟವು ಸಂತೋಷದಿಂದ ಹೊರುತ್ತದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಉಡುಪಿ