ಭಾನುವಾರ ಕೆಲಗೇರಿ ಕೆರೆ ಹತ್ತಿರ ಕಪ್ಪು-ಬಿಳುಪು ಚಿತ್ರ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 7ಕ್ಕೆ ಧಾರವಾಡದ ಕೆಲಗೇರಿ ಕೆರೆ ಏರಿ ಮೇಲೆ ಚಿತ್ರ ಬರೆಯಲು ಸೇರೋಣ. ಹುಬ್ಬಳ್ಳಿಯವರು ಚಿಗರಿ ಬಸ್ಸಿಗೆ ಬಂದು ಜುಬಿಲಿ ಸರ್ಕಲ್‌ನಲ್ಲಿ ಇಳಿದು ಆಟೊ ಹಿಡಿಯಿರಿ.

ಈ ಸಲ ಬಣ್ಣ ಬೇಡ. ಕೆರೆಯನ್ನು ಕಂಡ ಹಾಗೇ ಬರೆಯುವುದೂ ಬೇಡ. ನೀರಿನ ಅಲೆ, ಎರೆ ಮಣ್ಣಿನ ಬಿರುಕು, ಜಾಲಿ ಮುಳ್ಳು, ಯಾವುದಾದರೂ ಒಂದನ್ನು ಹತ್ತಿರ ಕೂತು ನೋಡಿ. ಅದರ ಗೆರೆ, ನೆರಳು ಮಾತ್ರ ಹಾಳೆಗೆ ಬರಲಿ. ಅಮೆರಿಕದ ಕಲಾವಿದೆ ಜಾರ್ಜಿಯಾ ಒಕೀಫ್ 1915ರಲ್ಲಿ ಬರೀ ಇದ್ದಿಲಿನಲ್ಲಿ ಮಾಡಿದ ಅಮೂರ್ತ ಚಿತ್ರಗಳನ್ನು ಫೋನಿನಲ್ಲಿ ನೋಡಿಕೊಂಡು ಬನ್ನಿ. ಅಲೆ, ಸುರುಳಿಗಳಲ್ಲೇ ಎಷ್ಟು ಜೀವ ತುಂಬಿದ್ದಾರೆ! ನನಗೆ ಅವು ತುಂಬಾ ಇಷ್ಟ.

ತರಬೇಕಾದ್ದು: ಇಂಡಿಯನ್ ಇಂಕ್ (ಚಿತ್ರ ಬರೆಯುವ ಕಪ್ಪು ಶಾಯಿ), ಎರಡು ಬ್ರಶ್, ಮೇಣದಬತ್ತಿ ತುಂಡು, ಹಳೆ ಬಟ್ಟೆ. 300 ಜಿಎಸ್‌ಎಂನ ದಪ್ಪ ಹಾಳೆ ಒಳ್ಳೆಯದು, ತೆಳು ಹಾಳೆ ನೀರಿಗೆ ಸುಕ್ಕಾಗುತ್ತದೆ. ಈ ಇಂಕು ಒಮ್ಮೆ ಒಣಗಿದರೆ ನೀರಿಗೆ ಬಿಡುವುದಿಲ್ಲ. ಹಾಗಾಗಿ ಬಿಳಿ ಎಲ್ಲಿ ಉಳಿಯಬೇಕು ಅಂತ ಮೊದಲೇ ನೋಡಿಕೊಂಡು, ಅಲ್ಲಿ ಮೇಣ ಉಜ್ಜಿ. ಅದರ ಮೇಲೆ ಇಂಕು ನಿಲ್ಲುವುದಿಲ್ಲ. ಬ್ರಶ್ ಅಲ್ಲೇ ತೊಳೆದುಬಿಡಿ, ಒಣಗಿದರೆ ಕೂದಲು ಗಟ್ಟಿಯಾಗುತ್ತದೆ.

ಒಂದು ಕಳಕಳಿಯ ವಿನಂತಿ. ತೊಳೆದ ನೀರನ್ನು ದಯವಿಟ್ಟು ಕೆರೆಗೆ ಚೆಲ್ಲಬೇಡಿ. ಮುಚ್ಚಳದ ಬಾಟಲಿ ತಂದು ಅದರಲ್ಲೇ ಮನೆಗೆ ಒಯ್ಯಿರಿ.

ಮಕ್ಕಳನ್ನೂ ಕರೆತರಬಹುದು, ಆದರೆ ಜೊತೆಗೆ ದೊಡ್ಡವರು ಇರಲೇಬೇಕು. ಬರುವವರು ಶುಕ್ರವಾರ ಸಂಜೆಯೊಳಗೆ ಹೆಸರು ಹಾಕಿ. ಹಾಳೆ ಬೇಕಿದ್ದರೆ ಅದನ್ನೂ ತಿಳಿಸಿ, ಒಟ್ಟಿಗೇ ತರುತ್ತೇನೆ.