ಡ್ರಿಪ್ ಹಾಕಿಸಿದರೆ ಸಾಕಾ?

ಸಂಪಾದಕರೇ,

ಕೋಲಾರದ ಕಡೆ ಈಗ ಡ್ರಿಪ್ (ಹನಿ ನೀರಾವರಿ) ಇಲ್ಲದ ಟೊಮೆಟೊ ತೋಟ ಹುಡುಕುವುದೇ ಕಷ್ಟ. 1,000 ಅಡಿ ದಾಟಿ ಕೊರೆಸಿದ ಬೋರ್‌ವೆಲ್ ನೀರನ್ನು ಕಾಲುವೆಯಲ್ಲಿ ಹಾಯಿಸುವ ಧೈರ್ಯ ಯಾರಿಗಿದೆ ಹೇಳಿ? ಸಬ್ಸಿಡಿಯೂ ಇದೆ, ಸರಿ. ಆದರೆ ಪೈಪ್ ಎಳೆದು ಫೋಟೊ ತೆಗೆದುಕೊಂಡು ಹೋದವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ.

ನಮ್ಮದು ಗಡಸು ನೀರು. ಗಿಡಕ್ಕೆ ಹನಿ ಬಿಡುವ ಡ್ರಿಪ್ಪರ್ ಬಾಯಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ, ಗಂಟೆಗೆ 4 ಲೀಟರ್ ಬಿಡಬೇಕಾದದ್ದು ತೊಟ್ಟಿಕ್ಕಿ ತೊಟ್ಟಿಕ್ಕಿ ನಿಂತೇ ಹೋಗುತ್ತದೆ, ಸಾಲಿನ ಕೊನೆಯ ಗಿಡ ಬಾಡಿದ ಮೇಲೆಯೇ ನಮಗೆ ಗೊತ್ತಾಗುವುದು. ಫಿಲ್ಟರ್ ಬಿಚ್ಚಿ ಜಾಲರಿ ತೊಳೆಯಬೇಕು. ಲ್ಯಾಟರಲ್ (ಗಿಡದ ಸಾಲಿನುದ್ದಕ್ಕೂ ಎಳೆದ ಸಣ್ಣ ಪೈಪ್) ತುದಿಯ ಎಂಡ್ ಕ್ಯಾಪ್ ತೆಗೆದು, ಕೆಂಪು ನೀರು ಹೋಗಿ ತಿಳಿಯಾಗುವ ತನಕ ಬಿಡಬೇಕು. ಸುಣ್ಣ ಜಾಸ್ತಿಯಾದರೆ ಆಸಿಡ್ ಹಾಯಿಸಬೇಕು, ಅದೂ ಸುಮ್ನೆ ಅಂದಾಜಿನಲ್ಲಿ ಅಲ್ಲ. ನೀರಿಗೆ ಆಸಿಡ್ ಹಾಕಬೇಕೇ ಹೊರತು ಆಸಿಡ್‌ಗೆ ನೀರು ಸುರಿಯಬಾರದು. ಇದನ್ನೆಲ್ಲ ಹೊಲದಲ್ಲಿ ನಿಂತು ತೋರಿಸುವವರು ಬೇಕು ಅಲ್ವಾ?

ಇನ್ನು ಕೊತ್ತಂಬರಿ, ಸೊಪ್ಪಿನ ಮಡಿಗಳಿಗೆ ನೀರನ್ನು ಸಣ್ಣ ತುಂತುರಾಗಿ ಚಿಮ್ಮಿಸುವ ಮೈಕ್ರೋ ಸ್ಪ್ರಿಂಕ್ಲರ್ ವಾಸಿ. ಟೊಮೆಟೊಗೆ ಮಾತ್ರ ಬೇಡ, ಎಲೆ ನೆನೆದರೆ ಅಂಗಮಾರಿ ರೋಗಕ್ಕೆ ದಾರಿ.

ಡ್ರಿಪ್ ಹಾಕಿಸಿದ ಮುಂದಿನ ವರ್ಷ ಡೀಲರ್ ಒಂದು ಸಲವಾದರೂ ಬಂದು ಲೈನ್ ನೋಡಿ ಹೋಗಲೇಬೇಕು ಅಂತ ತೋಟಗಾರಿಕೆ ಇಲಾಖೆ ಬಿಗಿ ಮಾಡಲಿ.

– ಒಬ್ಬ ಟೊಮೆಟೊ ಬೆಳೆಗಾರ, ಮುಳಬಾಗಿಲು ತಾಲ್ಲೂಕು